ಗ್ನೂ ರೇಡಿಯೋ ಬ್ಲಾಕ್‌ಗಳನ್ನು ಜೋಡಿಸುವ ಕ್ರಮ: ಖಾಲಿ ಪರದೆಯಿಂದ ಎಫ್‌ಎಂ ಸದ್ದಿನವರೆಗೆ

ಗ್ನೂ ರೇಡಿಯೋ ಎಂದರೆ ಬ್ಲಾಕ್‌ಗಳನ್ನು ಪರದೆಯ ಮೇಲೆ ಜೋಡಿಸಿ ರೇಡಿಯೋದ ಕೆಲಸವನ್ನು ಕಂಪ್ಯೂಟರ್‌ನಲ್ಲೇ ಮಾಡುವ ತಂತ್ರಾಂಶ. ಅದನ್ನು ಕಲಿಯಲು ಹೊರಟವರಲ್ಲಿ ಬಹಳ ಜನ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ಬ್ಲಾಕ್‌ಗಳನ್ನೆಲ್ಲ ಜೋಡಿಸಿ ಆಗಿರುತ್ತದೆ. ಕೆಂಪು ಗೆರೆ ಒಂದೂ ಇರುವುದಿಲ್ಲ. ಪ್ರೋಗ್ರಾಂ ಓಡುತ್ತಲೂ ಇರುತ್ತದೆ. ಆದರೆ ಸ್ಪೀಕರ್‌ನಲ್ಲಿ ಬರುವುದು ಬರೀ ಗೊರಗೊರ, ಇಲ್ಲವೇ ತುಂಡು ತುಂಡಾದ ಮಾತು. ಆಗ ಬೇರೆ ಯಾರೋ ಮಾಡಿದ ಫ್ಲೋಗ್ರಾಫ್ (ಬ್ಲಾಕ್‌ಗಳ ಪೂರ್ತಿ ಜೋಡಣೆ) ತಂದು ಹಾಕುತ್ತಾರೆ. ಅದೂ ಕೈಕೊಡುತ್ತದೆ.

ಹೆಚ್ಚಿನ ಸಲ ಕಾರಣ ಒಂದೇ. ಪ್ರತಿ ವೈರ್‌ನಲ್ಲಿ ಯಾವ ಬಗೆಯ ಡೇಟಾ ಹರಿಯುತ್ತಿದೆ, ಸೆಕೆಂಡಿಗೆ ಎಷ್ಟು ಸ್ಯಾಂಪಲ್ (ಸಿಗ್ನಲ್‌ನ ಒಂದೊಂದು ಅಳತೆ) ಹರಿಯುತ್ತಿದೆ, ಅಂದರೆ ರೇಟ್ ಎಷ್ಟು ಎಂಬುದು ಗೊತ್ತಿಲ್ಲದೆ ಜೋಡಿಸಿರುತ್ತಾರೆ. ಗ್ನೂ ರೇಡಿಯೋ ಮೊದಲನೆಯದನ್ನು ಮಾತ್ರ ಪರೀಕ್ಷಿಸುತ್ತದೆ. ಬಗೆ ಹೊಂದದಿದ್ದರೆ ಗೆರೆ ಕೆಂಪಾಗುತ್ತದೆ. ರೇಟ್ ಹೊಂದದಿದ್ದರೆ ಅದು ಏನೂ ಹೇಳುವುದಿಲ್ಲ, ಸುಮ್ನೆ ಓಡುತ್ತದೆ. ಆ ಲೆಕ್ಕ ಪೂರ್ತಿ ನಿಮ್ಮದು. ಈ ಮಾರ್ಗದರ್ಶಿ ಆ ಲೆಕ್ಕವನ್ನೇ ಹಿಡಿದುಕೊಂಡು ಒಂದು ಎಫ್‌ಎಂ ರಿಸೀವರ್ ಕಟ್ಟುತ್ತದೆ. ಉದಾಹರಣೆಗೆ ಬೆಂಗಳೂರಿನ ಆಕಾಶವಾಣಿ ರೇನ್‌ಬೋ, 101.3 ಮೆಗಾಹರ್ಟ್ಸ್ ತೆಗೆದುಕೊಂಡಿದ್ದೇನೆ. ನೀವು ಬೇರೆ ಊರಿನಲ್ಲಿದ್ದರೆ ನಿಮ್ಮಲ್ಲಿ ಚೆನ್ನಾಗಿ ಬರುವ ಸ್ಟೇಷನ್ ಇಟ್ಟುಕೊಳ್ಳಿ.

ಬ್ಲಾಕ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಪರದೆಯ ಮೇಲೆ ಇವೇ ಹೆಸರು ಇಂಗ್ಲಿಷ್‌ನಲ್ಲಿ ಕಾಣುತ್ತವೆ.

## ಬೇಕಾದ ಸಾಮಾನು

ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಒಂದು, ಅಂದರೆ ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೋ ರಿಸೀವರ್. ಆರ್‌820ಟಿ2 ಟ್ಯೂನರ್ ಇರುವುದಾದರೆ ಸುಮಾರು 24ರಿಂದ 1766 ಮೆಗಾಹರ್ಟ್ಸ್‌ವರೆಗೆ ಹಿಡಿಯುತ್ತದೆ. ಇದು ಕೇಳಿಸಿಕೊಳ್ಳುವ ಸಾಧನ ಮಾತ್ರ, ಪ್ರಸಾರ ಮಾಡಲು ಬರುವುದಿಲ್ಲ. ಕಲಿಯುವವರಿಗೆ ಇದೇ ಒಳ್ಳೆಯದು. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಅಪರಾಧ, ಅಂಥ ತಪ್ಪು ಇದರಿಂದ ಆಗಲು ಸಾಧ್ಯವೇ ಇಲ್ಲ.

ಎರಡು ಕಡ್ಡಿಯ ಡೈಪೋಲ್ ಆಂಟೆನಾ ಇದ್ದರೆ ಒಂದೊಂದು ಕಡ್ಡಿಯನ್ನೂ ಸುಮಾರು 70 ಸೆಂಟಿಮೀಟರ್‌ಗೆ ಎಳೆಯಿರಿ. ಕಿಟಕಿಯ ಹತ್ತಿರ ಇಡಿ, ಲ್ಯಾಪ್‌ಟಾಪ್ ಚಾರ್ಜರ್‌ನಿಂದ ದೂರ ಇಡಿ.

ಮತ್ತೆ ಒಂದು ಹಾಳೆ, ಒಂದು ಪೆನ್ನು. ಇದನ್ನು ಬಿಟ್ಟರೆ ಮುಂದಿನದು ಯಾವುದೂ ಸರಿಯಾಗಿ ನಡೆಯುವುದಿಲ್ಲ.

## ಹಂತ 1: ತಂತ್ರಾಂಶ ಹಾಕಿ, ಡಾಂಗಲ್ ಅನ್ನು ಒಂಟಿಯಾಗಿ ಪರೀಕ್ಷಿಸಿ

ಗ್ನೂ ರೇಡಿಯೋ 3.10 ಹಾಕಿಕೊಳ್ಳಿ. ಉಬುಂಟು 22.04 ಮತ್ತು 24.04ರಲ್ಲಿ ಪ್ಯಾಕೇಜ್ ಆಗಿ ಇದೇ ಸಿಗುತ್ತದೆ. ಜೊತೆಗೆ ಜಿಆರ್-ಓಸ್ಮೋಎಸ್‌ಡಿಆರ್ ಮತ್ತು ಆರ್‌ಟಿಎಲ್-ಎಸ್‌ಡಿಆರ್ ಪ್ಯಾಕೇಜ್‌ಗಳೂ ಬೇಕು. ವಿಂಡೋಸ್‌ನವರಿಗೆ ಇವೆಲ್ಲ ಒಟ್ಟಿಗೇ ಬರುವ ರೇಡಿಯೋಕೊಂಡ ಎಂಬ ಕಟ್ಟು ಸುಲಭ. ಆದರೆ ಮೊದಲು ಝಡಿಗ್ ಎಂಬ ಸಣ್ಣ ಪ್ರೋಗ್ರಾಂನಿಂದ ಡಾಂಗಲ್‌ಗೆ ವಿನ್‌ಯುಎಸ್‌ಬಿ ಡ್ರೈವರ್ ಕೂರಿಸಬೇಕು.

ಹಳೆಯ ಪಾಠಗಳ ಬಗ್ಗೆ ಎಚ್ಚರ. ಅಂತರ್ಜಾಲದಲ್ಲಿ ಈಗಲೂ 3.7 ಆವೃತ್ತಿಯ ವೀಡಿಯೊಗಳು ತುಂಬಾ ಇವೆ. ಅವುಗಳಲ್ಲಿ ಕಾಣುವ ಡಬ್ಲ್ಯುಎಕ್ಸ್ ಜಿಯುಐ ಬ್ಲಾಕ್‌ಗಳನ್ನು 3.8ರಲ್ಲೇ ತೆಗೆದುಹಾಕಲಾಗಿದೆ. ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅವುಗಳ ಜಾಗಕ್ಕೆ ಕ್ಯೂಟಿ ಜಿಯುಐ ಬ್ಲಾಕ್‌ಗಳನ್ನು ಬಳಸಿ.

ಗ್ನೂ ರೇಡಿಯೋ ತೆರೆಯುವ ಮೊದಲು ಟರ್ಮಿನಲ್‌ನಲ್ಲಿ ಆರ್‌ಟಿಎಲ್ ಟೆಸ್ಟ್ (rtl_test) ಆಜ್ಞೆಯನ್ನು ಓಡಿಸಿ, ಕೆಲವು ನಿಮಿಷ ಬಿಡಿ. ಬೈಟ್‌ಗಳು ಕಳೆದುಹೋಗುತ್ತಿವೆ ಎಂದು ಪದೇ ಪದೇ ಬರೆದರೆ ತೊಂದರೆ ಯುಎಸ್‌ಬಿ ಕಡೆ ಇದೆ. ಹಬ್ ತೆಗೆದು ನೇರ ಪೋರ್ಟ್‌ಗೆ ಚುಚ್ಚಿ. ಯುಎಸ್‌ಬಿ ಕ್ಲೇಮ್ ಇಂಟರ್‌ಫೇಸ್ ಎಂದು ಶುರುವಾಗಿ ಮೈನಸ್ 6 ಎಂದು ಮುಗಿಯುವ ದೋಷ ಬಂದರೆ, ಬೇರೆ ಯಾವುದೋ ಡಾಂಗಲ್ ಅನ್ನು ಹಿಡಿದುಕೊಂಡಿದೆ. ಒಂದೋ ಲಿನಕ್ಸ್‌ನ ಟಿವಿ ಡ್ರೈವರ್, ಇಲ್ಲವೇ ಹಿಂದೆ ತೆರೆದಿಟ್ಟ ಇನ್ನೊಂದು ರೇಡಿಯೋ ಪ್ರೋಗ್ರಾಂ. ಆ ಪ್ರೋಗ್ರಾಂ ಮುಚ್ಚಿ. ಟಿವಿ ಡ್ರೈವರ್ ಆಗಿದ್ದರೆ ಅದನ್ನು ಬ್ಲಾಕ್‌ಲಿಸ್ಟ್‌ಗೆ (ತಾನಾಗಿ ಶುರುವಾಗದಂತೆ ತಡೆಯುವ ಪಟ್ಟಿಗೆ) ಸೇರಿಸಿ, ಡಾಂಗಲ್ ಕಿತ್ತು ಮತ್ತೆ ಚುಚ್ಚಿ. ಇಲ್ಲಿ ಪಾಸಾಗದ ಡಾಂಗಲ್ ಇಟ್ಟುಕೊಂಡು ಮುಂದೆ ಹೋಗಬೇಡಿ.

## ಹಂತ 2: ಬ್ಲಾಕ್‌ಗೂ ಮೊದಲು ರೇಟ್ ಬರೆಯಿರಿ

ಹಾಳೆಯ ಬಲತುದಿಯಿಂದ ಶುರು ಮಾಡಿ. ಕೊನೆಯಲ್ಲಿ ಸೌಂಡ್ ಕಾರ್ಡ್ ಇದೆ. ಅದಕ್ಕೆ ಸೆಕೆಂಡಿಗೆ 48,000 ಸ್ಯಾಂಪಲ್ ಬೇಕು. ಎಡತುದಿಯಲ್ಲಿ ಡಾಂಗಲ್ ಇದೆ. ಅದು ಸ್ಥಿರವಾಗಿ ಕೊಡುವುದು ಸುಮಾರು 24 ಲಕ್ಷದವರೆಗೆ. ಅದಕ್ಕಿಂತ ಜಾಸ್ತಿ ಕೇಳಿದರೆ ಸ್ಯಾಂಪಲ್ ಬೀಳಲು ಶುರುವಾಗುತ್ತದೆ. 3 ಲಕ್ಷದಿಂದ 9 ಲಕ್ಷದ ನಡುವಿನ ರೇಟ್ ಅನ್ನು ಡಾಂಗಲ್ ಒಪ್ಪುವುದೇ ಇಲ್ಲ.

ಎರಡು ತುದಿಗಳ ನಡುವೆ ಪೂರ್ಣಸಂಖ್ಯೆಯಿಂದ ಭಾಗಿಸುತ್ತಾ ಬರಬೇಕು. ಕೆಳಗೆ ಕಾಂಪ್ಲೆಕ್ಸ್ ಎಂದರೆ ಒಂದು ಸ್ಯಾಂಪಲ್‌ಗೆ ಎರಡು ಸಂಖ್ಯೆಗಳ ಜೋಡಿ, ಫ್ಲೋಟ್ ಎಂದರೆ ಒಂದೇ ದಶಮಾಂಶ ಸಂಖ್ಯೆ, ಡಿಮಾಡ್ ಎಂದರೆ ರೇಡಿಯೋ ಅಲೆಯಿಂದ ಸದ್ದನ್ನು ಹೊರತೆಗೆಯುವುದು. ನಾನು ಯಾವಾಗಲೂ ಸೂಚಿಸುವುದು ಇದನ್ನು:

ಡಾಂಗಲ್ 1920000, ಕಾಂಪ್ಲೆಕ್ಸ್
4ರಿಂದ ಭಾಗಿಸಿ 480000, ಕಾಂಪ್ಲೆಕ್ಸ್
ಡಿಮಾಡ್ ಆದ ಮೇಲೆ 480000, ಫ್ಲೋಟ್
10ರಿಂದ ಭಾಗಿಸಿ 48000, ಫ್ಲೋಟ್

ಇಷ್ಟೇ. ಈ ನಾಲ್ಕು ಸಾಲು ಪರದೆಯ ಪಕ್ಕದಲ್ಲಿರಲಿ. ಡಾಂಗಲ್ ರೇಟ್ 20 ಲಕ್ಷ ಇಟ್ಟರೆ 48,000ಕ್ಕೆ ಪೂರ್ಣವಾಗಿ ಭಾಗವಾಗುವುದಿಲ್ಲ. ಆಗ ಭಿನ್ನರಾಶಿಯಿಂದ ರೇಟ್ ಬದಲಿಸುವ ರ‍್ಯಾಷನಲ್ ರೀಸ್ಯಾಂಪ್ಲರ್ ಬ್ಲಾಕ್ ಸೇರಿಸಬೇಕು. ಕೆಲಸ ಆಗುತ್ತದೆ, ಆದರೆ ಕಲಿಯುವ ದಿನಗಳಲ್ಲಿ ಅದು ಬೇಡದ ತಲೆನೋವು.

## ಹಂತ 3: ಡಾಂಗಲ್ ಇಲ್ಲದೆ ಮೂರು ಬ್ಲಾಕ್

ಇದನ್ನು ಹಾರಿಸಿ ನೇರ ರೇಡಿಯೋಗೆ ಹೋಗುವವರೇ ಜಾಸ್ತಿ. ಹಾರಿಸಬೇಡಿ, ಅರ್ಧ ಗಂಟೆಯ ಕೆಲಸ.

ಹೊಸ ಫ್ಲೋಗ್ರಾಫ್ ತೆರೆದು ಸೇವ್ ಮಾಡಿ. ಆಪ್ಷನ್ಸ್ ಬ್ಲಾಕ್‌ನ ಐಡಿ ಬದಲಿಸಿ, ಏಕೆಂದರೆ ತಯಾರಾಗುವ ಪೈಥಾನ್ ಫೈಲಿಗೆ ಅದೇ ಹೆಸರು ಬರುತ್ತದೆ. ಪೈಥಾನ್‌ನಲ್ಲಿ ಮೊದಲೇ ಇರುವ ಮಾಡ್ಯೂಲ್‌ಗಳ ಹೆಸರು ಕೊಡಬೇಡಿ. ಕೊಟ್ಟರೆ ಪ್ರೋಗ್ರಾಂ ಆ ಮಾಡ್ಯೂಲ್ ಬದಲು ನಿಮ್ಮ ಫೈಲನ್ನೇ ಎತ್ತಿಕೊಂಡು ಕೆಟ್ಟುಹೋಗುತ್ತದೆ.

ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಬ್ಲಾಕ್ ಹುಡುಕುವ ಜಾಗ ತೆರೆಯುತ್ತದೆ. ಸಿಗ್ನಲ್ ಸೋರ್ಸ್ (ಸಿಗ್ನಲ್ ಹುಟ್ಟಿಸುವುದು), ಥ್ರಾಟಲ್ (ವೇಗಕ್ಕೆ ಕಡಿವಾಣ ಹಾಕುವುದು), ಕ್ಯೂಟಿ ಜಿಯುಐ ಫ್ರೀಕ್ವೆನ್ಸಿ ಸಿಂಕ್ (ಫ್ರೀಕ್ವೆನ್ಸಿಗಳ ಗ್ರಾಫ್ ತೋರಿಸುವುದು) ಮೂರನ್ನೂ ತಂದು ಸಾಲಾಗಿ ಜೋಡಿಸಿ. ಸ್ಯಾಂಪ್ ರೇಟ್ ಎಂಬ ವೇರಿಯಬಲ್ ಮೊದಲೇ 32000 ಎಂದು ಕೂತಿರುತ್ತದೆ, ಸದ್ಯಕ್ಕೆ ಹಾಗೇ ಇರಲಿ. ಎಫ್6 ಒತ್ತಿ ಓಡಿಸಿ. 1000 ಹರ್ಟ್ಸ್‌ನಲ್ಲಿ ಒಂದು ಚೂಪು ಶಿಖರ ಕಾಣಬೇಕು.

ಈಗ ಸಿಗ್ನಲ್ ಸೋರ್ಸ್‌ನ ಫ್ರೀಕ್ವೆನ್ಸಿಯನ್ನು 20000 ಮಾಡಿ. ಶಿಖರ 20,000ದಲ್ಲಿ ಇರುವುದಿಲ್ಲ, ಮೈನಸ್ 12,000ದಲ್ಲಿ ಬರುತ್ತದೆ. 32,000 ರೇಟ್‌ನಲ್ಲಿ ಮೈನಸ್ 16,000ದಿಂದ ಪ್ಲಸ್ 16,000ದವರೆಗೆ ಮಾತ್ರ ಜಾಗ. ಅದನ್ನು ಮೀರಿದ್ದು ಆಚೆ ಬದಿಯಿಂದ ಒಳಗೆ ಬಂದು ಕೂರುತ್ತದೆ. ಇದೇ ಏಲಿಯಾಸಿಂಗ್. ಹಂತ 5ರಲ್ಲಿ ಪಕ್ಕದ ಸ್ಟೇಷನ್ ನಿಮ್ಮ ಸ್ಟೇಷನ್ ಮೇಲೆ ಬಂದು ಬೀಳುವುದೂ ಹೀಗೇ.

ಆಮೇಲೆ ಬಣ್ಣಗಳನ್ನು ನೋಡಿ. ನೀಲಿ ಪೋರ್ಟ್ ಎಂದರೆ ಕಾಂಪ್ಲೆಕ್ಸ್, ಕಿತ್ತಳೆ ಎಂದರೆ ಫ್ಲೋಟ್. ಇಂಟಿಜರ್‌ಗೆ ಹಸಿರು, ಶಾರ್ಟ್‌ಗೆ ಹಳದಿ, ಬೈಟ್‌ಗೆ ನೇರಳೆ. ಬ್ಲಾಕ್ ಆರಿಸಿಕೊಂಡು ಕೀಬೋರ್ಡಿನ ಮೇಲಿನ ಅಥವಾ ಕೆಳಗಿನ ಬಾಣ ಒತ್ತಿದರೆ ಬಗೆ ಬದಲಾಗುತ್ತದೆ. ಮೂರು ಬ್ಲಾಕ್‌ಗಳನ್ನೂ ಫ್ಲೋಟ್ ಮಾಡಿ, ಫ್ರೀಕ್ವೆನ್ಸಿಯನ್ನು ಮತ್ತೆ 1000 ಇಟ್ಟು ಓಡಿಸಿ. ಶಿಖರ ಎರಡಾಗುತ್ತದೆ, ಪ್ಲಸ್ ಕಡೆ ಒಂದು, ಮೈನಸ್ ಕಡೆ ಇನ್ನೊಂದು. ಫ್ಲೋಟ್‌ಗೆ ಪ್ಲಸ್ ಯಾವುದು, ಮೈನಸ್ ಯಾವುದು ಎಂದು ಬೇರೆ ಮಾಡಿ ತೋರಿಸಲು ಬರುವುದಿಲ್ಲ. ಡಾಂಗಲ್‌ನಿಂದ ಕಾಂಪ್ಲೆಕ್ಸ್ ಬರುವುದರಿಂದಲೇ ಟ್ಯೂನ್ ಮಾಡಿದ ಬಿಂದುವಿನ ಎರಡೂ ಬದಿಯ ಸ್ಟೇಷನ್‌ಗಳು ಬೇರೆ ಬೇರೆಯಾಗಿ ಕಾಣುತ್ತವೆ.

ಥ್ರಾಟಲ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಫ್ಲೋಗ್ರಾಫ್‌ನಲ್ಲಿ ಹಾರ್ಡ್‌ವೇರ್ ಏನೂ ಇಲ್ಲದಿದ್ದಾಗ ಮಾತ್ರ ಅದು ಬೇಕು. ಆಗ ಥ್ರಾಟಲ್ ಹಾಕದಿದ್ದರೆ ಕಂಪ್ಯೂಟರ್ ತನ್ನ ಪೂರ್ತಿ ವೇಗದಲ್ಲಿ ಓಡಿ ಪರದೆ ಹೆಪ್ಪುಗಟ್ಟುತ್ತದೆ. ಡಾಂಗಲ್ ಅಥವಾ ಸೌಂಡ್ ಕಾರ್ಡ್ ಇದ್ದರೆ ವೇಗವನ್ನು ಅದೇ ನಿಗದಿ ಮಾಡುತ್ತದೆ. ಅಲ್ಲಿ ಥ್ರಾಟಲ್ ಕೂಡ ಸೇರಿಸಿದರೆ ಒಂದು ಮನೆಗೆ ಇಬ್ಬರು ಯಜಮಾನರು ಇದ್ದ ಹಾಗೆ ಆಗುತ್ತದೆ, ಸದ್ದು ತುಂಡಾಗುತ್ತದೆ.

## ಹಂತ 4: ಡಾಂಗಲ್ ಜೋಡಿಸಿ, ಬರೀ ನೋಡಿ

ಹೊಸ ಫ್ಲೋಗ್ರಾಫ್ ಮಾಡಿ, ಸ್ಯಾಂಪ್ ರೇಟ್ ಅನ್ನು 1920000 ಎಂದು ಬದಲಿಸಿ. 32000 ಅನ್ನು ಹಾಗೇ ಬಿಡುವುದು ಹೊಸಬರ ಸಾಮಾನ್ಯ ತಪ್ಪು. ಅಷ್ಟು ಕಡಿಮೆ ರೇಟ್ ಅನ್ನು ಡಾಂಗಲ್ ಕೊಡುವುದಿಲ್ಲ.

ಆರ್‌ಟಿಎಲ್-ಎಸ್‌ಡಿಆರ್ ಸೋರ್ಸ್ ತಂದು ಫ್ರೀಕ್ವೆನ್ಸಿಗೆ 101300000, ಆರ್‌ಎಫ್ ಗೇನ್‌ಗೆ (ಸಿಗ್ನಲ್ ಅನ್ನು ಹಿಗ್ಗಿಸುವ ಪ್ರಮಾಣ, ಡಿಬಿ ಲೆಕ್ಕದಲ್ಲಿ) 30 ಕೊಡಿ. ಆಟೊಮ್ಯಾಟಿಕ್ ಗೇನ್ ಬೇಡ. ಫ್ರೀಕ್ವೆನ್ಸಿ ಸಿಂಕ್ ಅನ್ನು ನೇರವಾಗಿ ಜೋಡಿಸಿ. ಅದರ ಬ್ಯಾಂಡ್‌ವಿಡ್ತ್ ಜಾಗದಲ್ಲಿ ಸ್ಯಾಂಪ್ ರೇಟ್, ಸೆಂಟರ್ ಫ್ರೀಕ್ವೆನ್ಸಿ ಜಾಗದಲ್ಲಿ 101300000 ಇರಲಿ. ಓಡಿಸಿ.

ಎಫ್‌ಎಂ ಸ್ಟೇಷನ್ ಸುಮಾರು 200 ಕಿಲೋಹರ್ಟ್ಸ್ ಅಗಲದ ಗುಡ್ಡದಂತೆ ಕಾಣುತ್ತದೆ. ಮಾತು, ಹಾಡು ಬದಲಾದ ಹಾಗೆ ಅದರ ಆಕಾರವೂ ಕದಲುತ್ತದೆ. ಅಲುಗಾಡದೆ ನೆಟ್ಟಗೆ ನಿಂತ ತೆಳು ಗೆರೆ ಸ್ಟೇಷನ್ ಅಲ್ಲ. ಅದು ಡಾಂಗಲ್ ಒಳಗಿನದೋ, ಪಕ್ಕದ ಚಾರ್ಜರ್‌ನದೋ ಗಲಾಟೆ.

ಗೇನ್ ಅನ್ನು ಕಣ್ಣಿನಿಂದ ಹೊಂದಿಸಿ. ಗುಡ್ಡದ ತುದಿಗೂ ಕೆಳಗಿನ ಗದ್ದಲದ ಮಟ್ಟಕ್ಕೂ ಎಷ್ಟು ಅಂತರ ಇದೆ ಎಂದು ನೋಡುತ್ತಾ 5 ಡಿಬಿಯಂತೆ ಏರಿಸಿ. ಅಂತರ ಬೆಳೆಯುವುದು ನಿಂತು ಎರಡೂ ಒಟ್ಟಿಗೆ ಮೇಲೇರಲು ಶುರುವಾದರೆ ಅಲ್ಲಿಗೆ ಸಾಕು. ಅದನ್ನೂ ಮೀರಿದರೆ ಇಲ್ಲದ ಕಡೆಯಲ್ಲೆಲ್ಲ ಸ್ಟೇಷನ್‌ಗಳು ಹುಟ್ಟಿಕೊಳ್ಳುತ್ತವೆ. ಬೆಂಗಳೂರಿನಂಥ ಊರಲ್ಲಿ ಪ್ರಬಲ ಸ್ಟೇಷನ್‌ಗಳು ಹಲವು ಇರುವುದರಿಂದ ಗೇನ್ ಕಡಿಮೆ ಇದ್ದಷ್ಟೂ ಒಳ್ಳೆಯದು.

ಗುಡ್ಡ ಕಾಣದೆ ಹಂತ 5ಕ್ಕೆ ಹೋಗಬೇಡಿ. ಇಲ್ಲಿ ಕಾಣದ ಸಿಗ್ನಲ್ ಮುಂದೆ ಯಾವ ಬ್ಲಾಕ್ ಹಾಕಿದರೂ ಕೇಳಿಸುವುದಿಲ್ಲ.

## ಹಂತ 5: ಒಂದು ಸ್ಟೇಷನ್ ಉಳಿಸಿ, ಉಳಿದದ್ದನ್ನು ಕತ್ತರಿಸಿ

ಲೋ ಪಾಸ್ ಫಿಲ್ಟರ್ ತನ್ನಿ, ಕಟ್‌ಆಫ್ ಮೀರಿದ ಫ್ರೀಕ್ವೆನ್ಸಿಗಳನ್ನು ತಡೆಯುವ ಬ್ಲಾಕ್ ಇದು. ಬಗೆ ಕಾಂಪ್ಲೆಕ್ಸ್‌ನಿಂದ ಕಾಂಪ್ಲೆಕ್ಸ್, ಡೆಸಿಮೇಟಿಂಗ್. ಡೆಸಿಮೇಷನ್ (ರೇಟ್ ಅನ್ನು ಭಾಗಿಸುವ ಸಂಖ್ಯೆ) 4, ಕಟ್‌ಆಫ್ 100000, ಟ್ರಾನ್ಸಿಷನ್ ವಿಡ್ತ್ 25000, ವಿಂಡೋ ಹ್ಯಾಮಿಂಗ್.

ಸ್ಯಾಂಪಲ್ ರೇಟ್ ಜಾಗದಲ್ಲಿ ಏನು ಕೊಡಬೇಕು? ಒಳಗೆ ಬರುವ ರೇಟ್, ಅಂದರೆ 1920000. ಹೊರಗೆ ಹೋಗುವ 480000 ಅಲ್ಲ. ಅತಿ ಹೆಚ್ಚು ಜನ ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫಿಲ್ಟರ್‌ಗೆ ಹರ್ಟ್ಸ್ ಗೊತ್ತಿಲ್ಲ. ಸ್ಯಾಂಪಲ್ ರೇಟ್‌ನಲ್ಲಿ ಎಷ್ಟನೇ ಪಾಲು ಎಂಬುದಷ್ಟೇ ಅದಕ್ಕೆ ಗೊತ್ತು. ನೀವು 480000 ಎಂದು ಸುಳ್ಳು ಹೇಳಿದರೆ 100 ಕಿಲೋಹರ್ಟ್ಸ್ ಎಂದುಕೊಂಡ ಕಟ್‌ಆಫ್ ನಿಜದಲ್ಲಿ ನಾಲ್ಕು ಪಟ್ಟಾಗಿ 400 ಕಿಲೋಹರ್ಟ್ಸ್‌ಗೆ ಹೋಗುತ್ತದೆ. ಭಾಗಿಸಿದ ಮೇಲೆ ಪ್ಲಸ್ ಮೈನಸ್ 240 ಕಿಲೋಹರ್ಟ್ಸ್‌ಗೆ ಮಾತ್ರ ಜಾಗ. ಉಳಿದದ್ದೆಲ್ಲ ಮಡಚಿಕೊಂಡು ನಿಮ್ಮ ಸ್ಟೇಷನ್ ಮೇಲೆ ಬೀಳುತ್ತದೆ. ಕೆಂಪು ಗೆರೆ ಇಲ್ಲ, ದೋಷದ ಸಂದೇಶ ಇಲ್ಲ, ಸದ್ದು ಮಾತ್ರ ಕೆಟ್ಟಿರುತ್ತದೆ.

ಟ್ರಾನ್ಸಿಷನ್ ವಿಡ್ತ್ ಎಂದರೆ ಫಿಲ್ಟರ್ ಎಷ್ಟು ಕಡಿದಾಗಿ ಕತ್ತರಿಸಬೇಕು ಎಂಬ ಅಳತೆ. ಕಡಿದಾದಷ್ಟೂ ಒಳ್ಳೆಯದು ಅನಿಸುತ್ತದೆ, ಅಲ್ವಾ? ಆದರೆ ಅದಕ್ಕೆ ಬೆಲೆ ಇದೆ. ಹ್ಯಾಮಿಂಗ್ ವಿಂಡೋಗೆ ಎಷ್ಟು ಟ್ಯಾಪ್ (ಫಿಲ್ಟರ್ ಗುಣಿಸಲು ಬಳಸುವ ಸಂಖ್ಯೆಗಳು) ಬೇಕು ಎಂದು ಗ್ನೂ ರೇಡಿಯೋ ಹಾಕುವ ಲೆಕ್ಕ ಹೀಗಿದೆ: 53 × ಸ್ಯಾಂಪಲ್ ರೇಟ್ ÷ (22 × ಟ್ರಾನ್ಸಿಷನ್ ವಿಡ್ತ್). 25000 ಇಟ್ಟರೆ 185 ಟ್ಯಾಪ್. 1000 ಇಟ್ಟರೆ 4625 ಟ್ಯಾಪ್. ಎರಡನೆಯದಕ್ಕೆ ಸಾಧಾರಣ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಎಫ್‌ಎಂಗೆ 25000 ಧಾರಾಳ ಸಾಕು.

ಡೆಸಿಮೇಷನ್ ಜಾಗದಲ್ಲಿ ಲೆಕ್ಕ ಬರೆಯುವವರು ಇನ್ನೊಂದು ವಿಷಯ ಗಮನಿಸಿ. ಪೈಥಾನ್ 3ರಲ್ಲಿ ಒಂದೇ ಓರೆ ಗೆರೆಯ ಭಾಗಾಕಾರ 4.0 ಎಂದು ದಶಮಾಂಶ ಕೊಡುತ್ತದೆ. ಡೆಸಿಮೇಷನ್‌ಗೆ ಪೂರ್ಣಸಂಖ್ಯೆಯೇ ಬೇಕು. ಎರಡು ಓರೆ ಗೆರೆ ಹಾಕಿ.

ಪರೀಕ್ಷೆ: ಫಿಲ್ಟರ್ ಆದ ಮೇಲೆ ಇನ್ನೊಂದು ಫ್ರೀಕ್ವೆನ್ಸಿ ಸಿಂಕ್ ಹಾಕಿ. ಇದರ ಬ್ಯಾಂಡ್‌ವಿಡ್ತ್ 480000. ನಡುವೆ ಗುಡ್ಡ, ಎರಡೂ ಬದಿ ತಗ್ಗು ಕಾಣಬೇಕು. ಇಲ್ಲಿ ಮರೆತು ಸ್ಯಾಂಪ್ ರೇಟ್ ಎಂದೇ ಬಿಟ್ಟರೆ ಗುಡ್ಡದ ಅಗಲ ನಾಲ್ಕು ಪಟ್ಟು ಹೆಚ್ಚಾಗಿ ಕಾಣುತ್ತದೆ. ಸಿಗ್ನಲ್ ಸರಿಯಿದ್ದರೂ ಅಳತೆಪಟ್ಟಿ ತಪ್ಪಿರುತ್ತದೆ.

## ಹಂತ 6: ಡಿಮಾಡ್

ಡಬ್ಲ್ಯುಬಿಎಫ್‌ಎಂ ರಿಸೀವ್ ಎಂಬ ಒಂದೇ ಬ್ಲಾಕ್‌ನಲ್ಲಿ ಮುಂದಿನ ಕೆಲಸ ಮುಗಿಯುತ್ತದೆ. ಆದರೆ ಕಲಿಯಬೇಕು ಎಂದರೆ ಬಿಡಿ ಬ್ಲಾಕ್‌ಗಳನ್ನೇ ಬಳಸಿ. ಒಳಗೆ ಏನಾಗುತ್ತಿದೆ ಎಂದು ನಡುನಡುವೆ ನೋಡಬಹುದು.

ಕ್ವಾಡ್ರೇಚರ್ ಡಿಮಾಡ್ ಹಾಕಿ. ಗೇನ್ ಲೆಕ್ಕ: 480000 ÷ (2 × 3.1416 × 75000), ಅಂದರೆ ಸುಮಾರು 1.02. 75 ಕಿಲೋಹರ್ಟ್ಸ್ ಎನ್ನುವುದು ಎಫ್‌ಎಂ ಪ್ರಸಾರದಲ್ಲಿ ಫ್ರೀಕ್ವೆನ್ಸಿ ಅತ್ತಿತ್ತ ಓಲಾಡುವ ಗರಿಷ್ಠ ದೂರ. ಹೀಗೆ ಕೊಟ್ಟರೆ ಹೊರಬರುವ ಸದ್ದು ಹೆಚ್ಚುಕಡಿಮೆ ಪ್ಲಸ್ ಮೈನಸ್ 1ರ ಒಳಗೆ ಇರುತ್ತದೆ. ಈ ಬ್ಲಾಕ್‌ನಲ್ಲಿ ಎಡಬದಿ ನೀಲಿ, ಬಲಬದಿ ಕಿತ್ತಳೆ. ಬಗೆ ಬದಲಾಗುವುದು ಇಲ್ಲಿ, ರೇಟ್ ಬದಲಾಗುವುದಿಲ್ಲ.

ಈಗ ಕೇಳುವ ಆತುರ ಬೇಡ. ಡಿಮಾಡ್‌ನಿಂದ ಹೊರಬಂದದ್ದಕ್ಕೆ ಫ್ಲೋಟ್ ಬಗೆಯ ಫ್ರೀಕ್ವೆನ್ಸಿ ಸಿಂಕ್ ಹಾಕಿ, ಬ್ಯಾಂಡ್‌ವಿಡ್ತ್ 480000. ಸೊನ್ನೆಯಿಂದ 15 ಕಿಲೋಹರ್ಟ್ಸ್‌ವರೆಗೆ ಮೊನೊ ಸದ್ದು. ಸ್ಟಿರಿಯೊ ಪ್ರಸಾರವಾದರೆ 19 ಕಿಲೋಹರ್ಟ್ಸ್‌ನಲ್ಲಿ ಕಡ್ಡಿಯಂತೆ ನಿಂತ ಪೈಲಟ್ (ಸ್ಟಿರಿಯೊ ಇದೆ ಎಂದು ತಿಳಿಸುವ ಸ್ವರ), 23ರಿಂದ 53ರವರೆಗೆ ಸ್ಟಿರಿಯೊ ಭಾಗ. ಸ್ಟೇಷನ್ ಆರ್‌ಡಿಎಸ್ (ಸ್ಟೇಷನ್ ಹೆಸರಿನಂಥ ಅಕ್ಷರ ಮಾಹಿತಿ) ಕಳಿಸುತ್ತಿದ್ದರೆ 57ರಲ್ಲಿ ಸಣ್ಣ ಉಬ್ಬು. 19ರ ಕಡ್ಡಿ ಸರಿಯಾಗಿ 19ರಲ್ಲೇ ಕಂಡರೆ ಇಲ್ಲಿಯವರೆಗಿನ ರೇಟ್ ಲೆಕ್ಕವೆಲ್ಲ ಸರಿ ಎಂದರ್ಥ. ಬೇರೆ ಅಂಕಿಯಲ್ಲಿ ಕಂಡರೆ ಎಲ್ಲೋ ಡೆಸಿಮೇಷನ್ ಅಥವಾ ಬ್ಯಾಂಡ್‌ವಿಡ್ತ್ ತಪ್ಪಿದೆ. ಇಡೀ ಫ್ಲೋಗ್ರಾಫ್‌ನಲ್ಲಿ ಇದಕ್ಕಿಂತ ನಂಬಿಕಸ್ತ ಪರೀಕ್ಷೆ ಇನ್ನೊಂದಿಲ್ಲ.

## ಹಂತ 7: ಸೌಂಡ್ ಕಾರ್ಡ್‌ವರೆಗೆ

ಪ್ರಸಾರದ ವೇಳೆ ಎತ್ತರಿಸಿದ ಕೀರಲು ಸದ್ದನ್ನು ಮತ್ತೆ ತಗ್ಗಿಸುವ ಎಫ್‌ಎಂ ಡಿಎಂಫಸಿಸ್ ಬ್ಲಾಕ್: ಸ್ಯಾಂಪಲ್ ರೇಟ್ 480000, ಟಾವ್ 0.00005. ಅಮೆರಿಕದ ಅಳತೆಯಾದ 75 ಮೈಕ್ರೋಸೆಕೆಂಡ್ ಅದರಲ್ಲಿ ಮೊದಲೇ ತುಂಬಿರುತ್ತದೆ. ಭಾರತದಲ್ಲಿ ಬೇಕಾದದ್ದು 50. ಬದಲಿಸದಿದ್ದರೆ ಸದ್ದು ಸ್ವಲ್ಪ ಮಂಕಾಗಿ ಕೇಳುತ್ತದೆ.

ಆಮೇಲೆ ಫ್ಲೋಟ್ ಬಗೆಯ ಲೋ ಪಾಸ್ ಫಿಲ್ಟರ್: ಡೆಸಿಮೇಷನ್ 10, ಸ್ಯಾಂಪಲ್ ರೇಟ್ 480000, ಕಟ್‌ಆಫ್ 15000, ಟ್ರಾನ್ಸಿಷನ್ 4000. ಕಟ್‌ಆಫ್ ಎನ್ನುವುದು ಇಳಿಜಾರಿನ ನಡುಬಿಂದು. ಹಾಗಾಗಿ ಇಳಿಜಾರು 13ರಲ್ಲಿ ಶುರುವಾಗಿ 17ರಲ್ಲಿ ಮುಗಿಯುತ್ತದೆ, 19ರ ಪೈಲಟ್ ಹೊರಗೇ ಉಳಿಯುತ್ತದೆ.

ಕೊನೆಗೆ ಸದ್ದಿನ ಜೋರು ತಗ್ಗಿಸಲು ಮಲ್ಟಿಪ್ಲೈ ಕಾನ್ಸ್ಟ್ ಹಾಕಿ 0.3 ಕೊಡಿ, ಅದರಿಂದ ಆಡಿಯೊ ಸಿಂಕ್‌ಗೆ ಜೋಡಿಸಿ, ಆಡಿಯೊ ಸಿಂಕ್‌ನ ರೇಟ್ 48000 ಇಡಿ. ಹೆಡ್‌ಫೋನ್ ಹಾಕಿಕೊಂಡು ಮೊದಲ ಸಲ ಓಡಿಸಬೇಡಿ. ತಪ್ಪಾದ ಫ್ಲೋಗ್ರಾಫ್ ಪೂರ್ತಿ ಜೋರಿನಲ್ಲಿ ಕಿರುಚಬಹುದು, ಕಿವಿಗೆ ಕೆಟ್ಟದ್ದು.

## ಹಂತ 8: ಟರ್ಮಿನಲ್ ಹೇಳುವುದನ್ನು ಓದಿ

ಸದ್ದು ಸರಿಯಿಲ್ಲದಿದ್ದರೆ ಬ್ಲಾಕ್ ಬದಲಿಸುವ ಮೊದಲು ಗ್ನೂ ರೇಡಿಯೋ ಕಿಟಕಿಯ ಕೆಳಭಾಗ ನೋಡಿ.

ಎ-ಯು ಎಂಬ ಎರಡು ಇಂಗ್ಲಿಷ್ ಅಕ್ಷರ ಸಾಲಾಗಿ ಸುರಿಯುತ್ತಿದ್ದರೆ ಸೌಂಡ್ ಕಾರ್ಡ್‌ಗೆ ಸ್ಯಾಂಪಲ್ ಸಾಲುತ್ತಿಲ್ಲ. ಉದಾಹರಣೆಗೆ ಕೊನೆಯ ಡೆಸಿಮೇಷನ್ 10ರ ಬದಲು 20 ಆಗಿದ್ದರೆ ಬರುವುದು 24,000, ಬೇಕಾದದ್ದು 48,000. ಮಾತು ತುಂಡಾಗುತ್ತದೆ. ಎಷ್ಟೋ ಹೊತ್ತಿಗೆ ಒಮ್ಮೆ ಬಂದರೆ ಚಿಂತೆ ಬೇಡ. ಡಾಂಗಲ್‌ನ ಗಡಿಯಾರಕ್ಕೂ ಸೌಂಡ್ ಕಾರ್ಡ್‌ನ ಗಡಿಯಾರಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ.

ಓ ಅಕ್ಷರ ಸುರಿಯುತ್ತಿದ್ದರೆ ಡಾಂಗಲ್ ಕೊಟ್ಟದ್ದನ್ನು ಮುಂದಿನವರು ಅಷ್ಟೇ ವೇಗವಾಗಿ ತೆಗೆದುಕೊಳ್ಳುತ್ತಿಲ್ಲ. ಸಿಪಿಯು ಬಳಕೆ ನೋಡಿ. 100 ಮುಟ್ಟುತ್ತಿದ್ದರೆ ಟ್ರಾನ್ಸಿಷನ್ ವಿಡ್ತ್ ಹೆಚ್ಚಿಸಿ, ಬೇಡದ ಗ್ರಾಫ್‌ಗಳನ್ನು ಆರಿಸಿ ಡಿ ಒತ್ತಿ ಆಫ್ ಮಾಡಿ. ಸಿಪಿಯು ಆರಾಮಾಗಿದ್ದೂ ಓ ಬರುತ್ತಿದ್ದರೆ ಡೆಸಿಮೇಷನ್ ಕಡಿಮೆಯಾಗಿದೆ. ಸೌಂಡ್ ಕಾರ್ಡ್‌ಗೆ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತಿದೆ, ಇಡೀ ಸಾಲು ಹಿಂದಕ್ಕೆ ಕಟ್ಟಿಕೊಂಡಿದೆ.

ಅಕ್ಷರ ಏನೂ ಇಲ್ಲ, ಆದರೂ ಬರೀ ಗೊರಗೊರ ಬರುತ್ತಿದೆಯೇ? ಹಂತ 4ರ ಗ್ರಾಫ್‌ಗೆ ಹಿಂತಿರುಗಿ. ಗುಡ್ಡ ನಡುವೆ ಇಲ್ಲದಿರಬಹುದು. ಮಾತು ಕೇಳುತ್ತದೆ ಆದರೆ ಜೋರು ಬಂದಾಗಲೆಲ್ಲ ಒಡೆಯುತ್ತದೆ ಎಂದರೆ ಮೊದಲು ಮಲ್ಟಿಪ್ಲೈ ಕಾನ್ಸ್ಟ್ ತಗ್ಗಿಸಿ. ಹೋಗದಿದ್ದರೆ ಹಂತ 5ರ ಕಟ್‌ಆಫ್ ತೀರ ಕಿರಿದಾಗಿದೆಯೇ ನೋಡಿ.

## ಹಂತ 9: ರೆಕಾರ್ಡ್ ಮಾಡಿಕೊಂಡು ಅಭ್ಯಾಸ

ಡಾಂಗಲ್ ಸೋರ್ಸ್‌ಗೆ ನೇರವಾಗಿ ಫೈಲ್ ಸಿಂಕ್ ಜೋಡಿಸಿ ಅರ್ಧ ನಿಮಿಷ ಹಿಡಿದಿಟ್ಟುಕೊಳ್ಳಿ. ಒಂದು ಕಾಂಪ್ಲೆಕ್ಸ್ ಸ್ಯಾಂಪಲ್‌ಗೆ 8 ಬೈಟ್. ಹಾಗಾಗಿ ಸೆಕೆಂಡಿಗೆ 15.36 ಮೆಗಾಬೈಟ್, ಅರ್ಧ ನಿಮಿಷಕ್ಕೆ ಸುಮಾರು 460 ಮೆಗಾಬೈಟ್ ಆಗುತ್ತದೆ. ಮರೆತು ಬಿಟ್ಟರೆ ಡಿಸ್ಕ್ ತುಂಬಿಬಿಡುತ್ತದೆ. ಈ ಫೈಲ್‌ನಲ್ಲಿ ರೇಟ್, ಫ್ರೀಕ್ವೆನ್ಸಿ ಯಾವುದೂ ಬರೆದಿರುವುದಿಲ್ಲ. ಅವೆರಡನ್ನೂ ಫೈಲ್ ಹೆಸರಿನಲ್ಲೇ ಸೇರಿಸಿ.

ಆಮೇಲೆ ಡಾಂಗಲ್ ಸೋರ್ಸ್ ತೆಗೆದು ಫೈಲ್ ಸೋರ್ಸ್ ಇಡಿ. ರಿಪೀಟ್ ಎಸ್ ಇರಲಿ. ಆಡಿಯೊ ಸಿಂಕ್ ಇರುವುದರಿಂದ ಥ್ರಾಟಲ್ ಬೇಡ. ಇಲ್ಲಿ ರೇಟ್ ತಪ್ಪಿದರೆ ಲಕ್ಷಣ ಬೇರೆ. ಎ-ಯು ಬರುವುದಿಲ್ಲ, ಸದ್ದಿನ ಸ್ಥಾಯಿಯೇ ಬದಲಾಗುತ್ತದೆ. ಡೆಸಿಮೇಷನ್ 20 ಆದರೆ ಮಾತು ದುಪ್ಪಟ್ಟು ವೇಗದಲ್ಲಿ ಕೀರಲಾಗಿ ಓಡುತ್ತದೆ.

## ಹಂತ 10: ಪಕ್ಕಕ್ಕೆ ಟ್ಯೂನ್ ಮಾಡುವುದು

ಕೆಲವು ರಿಸೀವರ್‌ಗಳಲ್ಲಿ ಗ್ರಾಫ್‌ನ ನಟ್ಟನಡುವೆ ಒಂದು ಸುಳ್ಳು ಶಿಖರ ಸದಾ ನಿಂತಿರುತ್ತದೆ. ಸ್ಟೇಷನ್ ಅನ್ನು ಅದರ ಮೇಲೆ ಕೂರಿಸದೆ ಪಕ್ಕದಲ್ಲಿ ಇಡುವುದು ಒಳ್ಳೆಯ ಅಭ್ಯಾಸ.

ಹಂತ 5ರ ಫಿಲ್ಟರ್ ತೆಗೆದು ಆ ಜಾಗದಲ್ಲಿ ಫ್ರೀಕ್ವೆನ್ಸಿ ಎಕ್ಸ್‌ಲೇಟಿಂಗ್ ಎಫ್‌ಐಆರ್ ಫಿಲ್ಟರ್ ಹಾಕಿ. ಇದು ಬೇಕಾದ ಫ್ರೀಕ್ವೆನ್ಸಿಯನ್ನು ನಡುವಿಗೆ ಸರಿಸಿ ಉಳಿದದ್ದನ್ನು ಕತ್ತರಿಸುತ್ತದೆ. ಡೆಸಿಮೇಷನ್ 4, ಸ್ಯಾಂಪಲ್ ರೇಟ್ 1920000. ಇದಕ್ಕೆ ಟ್ಯಾಪ್‌ಗಳನ್ನು ನೀವೇ ಕೊಡಬೇಕು. ಲೋ-ಪಾಸ್ ಫಿಲ್ಟರ್ ಟ್ಯಾಪ್ಸ್ ಎಂಬ ವೇರಿಯಬಲ್ ಬ್ಲಾಕ್‌ನಲ್ಲಿ ಹಿಂದಿನ ಅಂಕಿಗಳನ್ನೇ ತುಂಬಿ, ಅದರ ಐಡಿಯನ್ನು ಇಲ್ಲಿ ಬರೆಯಿರಿ.

ಡಾಂಗಲ್ ಅನ್ನು 101000000ಕ್ಕೆ ಟ್ಯೂನ್ ಮಾಡಿ. ಫಿಲ್ಟರ್‌ನ ಸೆಂಟರ್ ಫ್ರೀಕ್ವೆನ್ಸಿಗೆ ಸ್ಟೇಷನ್‌ನಿಂದ ಡಾಂಗಲ್ ಅನ್ನು ಕಳೆದು ಬಂದದ್ದು, ಅಂದರೆ ಪ್ಲಸ್ 300000 ಕೊಡಿ. ಮೈನಸ್ ಹಾಕಿದರೆ 100.7ಕ್ಕೆ ಹೋಗಿ ನಿಲ್ಲುತ್ತೀರಿ. ಈ ಅಂಕಿಗೆ ಕ್ಯೂಟಿ ಜಿಯುಐ ರೇಂಜ್ ಜೋಡಿಸಿ, ಮೈನಸ್ 800000ದಿಂದ ಪ್ಲಸ್ 800000, ಮೆಟ್ಟಿಲು 100000. ರೇಂಜ್ ಬ್ಲಾಕ್ ತಂದಾಗ ಸೊನ್ನೆಯಿಂದ 100 ಎಂದು ತುಂಬಿರುತ್ತದೆ. ಅದನ್ನು ಬದಲಿಸದೆ ಸ್ಲೈಡರ್ ಎಳೆದರೆ ಏನೂ ಆಗುವುದಿಲ್ಲ. ಬದಲಿಸಿದ ಮೇಲೆ ಸ್ಲೈಡರ್ ಎಳೆಯುತ್ತಾ ಹೋದರೆ ಡಾಂಗಲ್ ಅನ್ನು ಕದಲಿಸದೆ ಆ 16 ಲಕ್ಷ ಹರ್ಟ್ಸ್ ಒಳಗಿನ ಯಾವ ಸ್ಟೇಷನ್ ಬೇಕಾದರೂ ಕೇಳಬಹುದು. ಹಂತ 9ರಲ್ಲಿ ರೆಕಾರ್ಡ್ ಮಾಡಿದ ಫೈಲ್‌ನ ಮೇಲೂ ಇದು ಹಾಗೇ ಕೆಲಸ ಮಾಡುತ್ತದೆ. ಆಗ ಅಂಕಿಯನ್ನು ಮಾತ್ರ ಫೈಲ್‌ನ ನಡು ಫ್ರೀಕ್ವೆನ್ಸಿಯಿಂದ ಲೆಕ್ಕ ಹಾಕಿ.